ಎರಡನೆಯವರು ಹೌದು ಅನ್ನುವ ತನಕ

ಕಳೆದ ವಾರ ಪೀಣ್ಯದ ಒಂದು ಲೇತ್ ಅಂಗಡಿಯ ಮುಂದೆ ನಿಂತಿದ್ದೆ. ಮನೆಯ ನೀರಿನ ಮೋಟಾರಿಗೆ ಹಿತ್ತಾಳೆಯ ಬಳೆಯಂಥ ಬುಶ್ ಒಂದನ್ನು ಮಾಡಿಸಬೇಕಿತ್ತು. ಬಾಗಿಲ ಪಕ್ಕದಲ್ಲಿ ಒಬ್ಬ ಕೆಲಸಗಾರ ತಗಡಿನ ತಟ್ಟೆಗೆ ಸೀಮೆಎಣ್ಣೆ ಸುರಿದುಕೊಂಡು, ಜಿಡ್ಡು ಹಿಡಿದ ಬಿಡಿಭಾಗಗಳನ್ನು ಬ್ರಷ್ಷಿನಿಂದ ತಿಕ್ಕುತ್ತಿದ್ದ. ಸೀಮೆಎಣ್ಣೆಯ ವಾಸನೆ ಈಗ ಅಪರೂಪ. ಅದು ಮೂಗಿಗೆ ಬಂದಾಗ ಬೇರೆಯವರಿಗೆ ಹಳೆಯ ಅಡುಗೆಮನೆಯ ಪಂಪ್ ಸ್ಟೌ ನೆನಪಾಗಬಹುದು. ನನಗೆ ನೆನಪಾದದ್ದು ಬೆಳಗಿನ ಹೊತ್ತಿನ ರನ್‌ವೇ, ಆಗತಾನೇ ತಿರುಗಲು ಶುರುವಾದ ಪ್ರೊಪೆಲ್ಲರ್, ಮತ್ತು ಬಲಗಡೆಯ ಸೀಟಿನಲ್ಲಿ ಕೂತಿದ್ದ ನಮ್ಮ ಮೇಷ್ಟ್ರು. ವಿಮಾನಕ್ಕೆ ಹಾಕುವ ಇಂಧನವೂ ಒಂದು ಬಗೆಯ ಸೀಮೆಎಣ್ಣೆಯೇ. ಎಂಜಿನ್ ಚಾಲೂ ಆಗುವಾಗ ಅದೇ ವಾಸನೆ ಸ್ವಲ್ಪ ಸುಟ್ಟಂತೆ ಬರುತ್ತದೆ.

ಅಂಗಡಿಯ ಸಾಲಿನಲ್ಲೇ ಮುಂದೆ, ತಗಡು ಒತ್ತುವ ಪವರ್ ಪ್ರೆಸ್ ಶೆಡ್ಡಿನ ಪಕ್ಕದಲ್ಲಿ ನಮ್ಮ ತರಬೇತಿ ಕೇಂದ್ರವಿತ್ತು. ಹೊರಗಿನಿಂದ ನೋಡಿದರೆ ಇನ್ನೊಂದು ಕಾರ್ಖಾನೆಯಂತೆಯೇ ಕಾಣುತ್ತಿತ್ತು. ಒಳಗೆ ಒಂದು ಪಾಠದ ಕೋಣೆ, ಒಂದು ಕ್ಯಾಂಟೀನು, ಮತ್ತು ಕತ್ತಲೆಯ ಹಾಲಿನಲ್ಲಿ ಒಂದು ಸಿಮ್ಯುಲೇಟರ್. ಅದು ವಿಮಾನದ ಮೂಗನ್ನಷ್ಟೇ ಕತ್ತರಿಸಿ ತಂದು ಇಟ್ಟ ಹಾಗಿತ್ತು. ನೆಲ ಬಿಟ್ಟು ಏಳುತ್ತಿರಲಿಲ್ಲ. ಒಳಗೆ ಕೂತು ನಾವು ಆಕಾಶದಲ್ಲಿದ್ದೇವೆ ಎಂದುಕೊಳ್ಳುವಾಗ ಪಕ್ಕದ ಶೆಡ್ಡಿನ ಪ್ರೆಸ್ಸಿನ ಏಟು ಬೆನ್ನಿಗೆ ತಟ್ಟುತ್ತಿತ್ತು. ನಿಜವಾದ ವಿಮಾನ ಇದ್ದದ್ದು ಊರ ಹೊರಗಿನ ಏರ್‌ಸ್ಟ್ರಿಪ್ಪಿನಲ್ಲಿ. ನಸುಕಿನಲ್ಲೇ ವ್ಯಾನು ನಮ್ಮನ್ನು ಅಲ್ಲಿಗೆ ಕರೆದೊಯ್ಯುತ್ತಿತ್ತು.

ಒಂದೇ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಹಾರಲು ಕಲಿತು ಮುಗಿಸಿದವರು ಆ ಕೇಂದ್ರಕ್ಕೆ ಬರುತ್ತಿದ್ದೆವು. ಪ್ರಯಾಣಿಕರ ವಿಮಾನಗಳಿಗೆ ಹೋಗುವ ಮೊದಲು ಮೇಲಿನ ಹಂತದ ತರಬೇತಿ ಇರುತ್ತದೆ. ನಮಗೆ ಅದು ಎರಡು ಟರ್ಬೊಪ್ರಾಪ್ ಎಂಜಿನ್ನುಗಳ ವಿಮಾನದಲ್ಲಿ. ರೆಕ್ಕೆಯ ಆ ಕಡೆಗೊಂದು, ಈ ಕಡೆಗೊಂದು ಎಂಜಿನ್. ಒಳಗೆ ಜೆಟ್ಟಿನಂಥ ಉರಿ, ಮುಂದೆ ತಿರುಗುವ ಪ್ರೊಪೆಲ್ಲರ್. ನನಗೆ ಲೈಸೆನ್ಸಿನ ದಾರಿ ಅಲ್ಲಿಂದಲೇ ಹಾದುಹೋಗುತ್ತಿತ್ತು.

ಮೊದಲ ದಿನ ಮೇಷ್ಟ್ರನ್ನು ಕಂಡಾಗ ನನ್ನ ಅಪ್ಪನೂ ಜೊತೆಯಲ್ಲಿದ್ದರು. ಅಪ್ಪ ಸಮಾಧಾನಕ್ಕೆಂಬಂತೆ, "ಎರಡು ಎಂಜಿನ್ ಅಂದ್ರೆ ಒಂದು ಸ್ಪೇರ್ ಇದ್ದಂಗೆ ಅಲ್ವಾ ಸಾರ್?" ಎಂದು ಕೇಳಿದರು. ಮೇಷ್ಟ್ರು ನಕ್ಕರು.

"ಎರಡು ಎಂಜಿನ್ ಅಂದ್ರ ಎರಡು ಪಟ್ಟು ತ್ರಾಸ ರೀ, ಯಜಮಾನ್ರ. ಎರಡೂ ನಡದಾಗ ಯಾರರೆ ಹಾರಸ್ತಾರ. ಒಂದು ಹೋದಾಗ ಏನು ಮಾಡಬೇಕು ಅನ್ನೂದ ನಮ್ಮ ಸಾಲಿ."

ಅವರು ಬಾಗಲಕೋಟೆಯ ಕಡೆಯವರು. ಬಹಳ ವರ್ಷ ಸೇನೆಯ ಸಾಮಾನು ಸಾಗಿಸುವ ವಿಮಾನಗಳನ್ನು ಹಾರಿಸಿ, ನಿವೃತ್ತರಾಗಿ, ಬ್ರೂಕ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಇದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಊರಿನ ಆ ತುದಿಯಿಂದ ಈ ತುದಿಗೆ ಬಸ್ಸು ಬದಲಾಯಿಸಿ ಬರುತ್ತಿದ್ದರು. ಕಾರಿನಲ್ಲಿ ಯಾಕೆ ಬರುವುದಿಲ್ಲ ಎಂದು ಕೇಳಿದರೆ, "ಬಸ್ಸಿನ್ಯಾಗ ನಾಕು ಮಂದಿ ಮಾತಾಡೂದರೆ ಕೇಳಸ್ತೈತಿ" ಅನ್ನುತ್ತಿದ್ದರು. ಅದನ್ನು ನಾವು ಆಗ ತಮಾಷೆ ಎಂದುಕೊಂಡಿದ್ದೆವು.

ಅವರು ಕಲಿಸಿದ್ದರಲ್ಲಿ ಎರಡು ಸಂಗತಿಗಳನ್ನು ಹೇಳಬೇಕು. ಅವೆರಡು ತಿಳಿಯದಿದ್ದರೆ ಮುಂದೆ ಆದದ್ದು ತಿಳಿಯುವುದಿಲ್ಲ.

ಒಂದು ಎಂಜಿನ್ ನಿಂತರೆ ವಿಮಾನದ ಮೂಗು ನಿಂತ ಎಂಜಿನ್ನಿನ ಕಡೆಗೆ ಎಳೆದುಕೊಂಡು ಹೋಗುತ್ತದೆ. ಅದನ್ನು ನೇರ ಮಾಡಲು ಇನ್ನೊಂದು ಕಡೆಯ ಪೆಡಲನ್ನು ಕಾಲಿನಿಂದ ಒತ್ತಿ ಹಿಡಿಯಬೇಕು. ಆಗ ಒಂದು ಕಾಲಿಗೆ ತೊಡೆ ನಡುಗುವಷ್ಟು ಕೆಲಸ, ಇನ್ನೊಂದಕ್ಕೆ ಏನೂ ಇಲ್ಲ. ಕೆಲಸವಿಲ್ಲದ ಕಾಲು ಯಾವ ಕಡೆಯದೋ, ಆ ಕಡೆಯ ಎಂಜಿನ್ ಹೋಗಿದೆ ಎಂದು ಅರ್ಥ. ಗಾಬರಿಯಾದಾಗ ಮುಂದಿರುವ ಮೀಟರುಗಳು ಒಂದೂ ಕಣ್ಣಿಗೆ ಹಿಡಿಸುವುದಿಲ್ಲ. ಆದ್ದರಿಂದ ಮೇಷ್ಟ್ರು ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಯಾವ ಕಾಲು ಖಾಲಿ ಕುಂತೈತಿ, ತಂಗಿ?"

ಇನ್ನೊಂದು ಲಿವರ್ ಮುಟ್ಟುವ ಪದ್ಧತಿ. ಕೆಟ್ಟ ಎಂಜಿನ್ನಿನ ಪ್ರೊಪೆಲ್ಲರನ್ನು ಹಾಗೇ ಬಿಟ್ಟರೆ ಅದು ಗಾಳಿಗೆ ಅಡ್ಡವಾಗಿ ವಿಮಾನವನ್ನು ಹಿಂದಕ್ಕೆ ಜಗ್ಗುತ್ತದೆ. ಲಿವರ್ ಎಳೆದರೆ ಅದರ ಅಲಗುಗಳು ಹೊರಳಿ ಗಾಳಿಯನ್ನು ಸೀಳುವಂತೆ ನಿಲ್ಲುತ್ತವೆ. ಓಡುವ ಬಸ್ಸಿನ ಕಿಟಕಿಯಿಂದ ಅಂಗೈ ಅಗಲಿಸಿ ಕೈ ಚಾಚಿದರೆ ಗಾಳಿ ತಳ್ಳುತ್ತದಲ್ಲ, ಅದೇ ಅಂಗೈಯನ್ನು ನೆಲದ ಕಡೆಗೆ ತಿರುಗಿಸಿದರೆ ಸುಮ್ಮನಾಗುತ್ತದಲ್ಲ, ಹಾಗೆ. ಆದರೆ ಗಾಬರಿಯಲ್ಲಿ ಚೆನ್ನಾಗಿರುವ ಎಂಜಿನ್ನಿನ ಲಿವರನ್ನೇ ಎಳೆದುಬಿಟ್ಟರೆ, ಆಮೇಲೆ ಎರಡೂ ಇಲ್ಲ. ಆದ್ದರಿಂದ ಒಬ್ಬರು ಲಿವರಿನ ಮೇಲೆ ಕೈಯಿಟ್ಟು ಅದು ಯಾವುದೆಂದು ಬಾಯಿಬಿಟ್ಟು ಹೇಳಬೇಕು. ಹೇಳಿ ಕಾಯಬೇಕು. ಪಕ್ಕದವರು ನೋಡಿ ಒಪ್ಪಿದ ಮೇಲೆಯೇ ಎಳೆಯಬೇಕು. ಇದನ್ನು ಎಲ್ಲ ಕಡೆಯೂ ಇಂಗ್ಲಿಷಿನಲ್ಲಿ ಕಲಿಸುತ್ತಾರೆ. ನಮ್ಮ ಮೇಷ್ಟ್ರು ಕನ್ನಡ ಬಲ್ಲವರ ಜೊತೆ ಕನ್ನಡದಲ್ಲೇ ಮಾಡಿಸುತ್ತಿದ್ದರು. "ಎಡ" ಅನ್ನಬೇಕು. "ಹೌದು" ಅನ್ನಬೇಕು. ಹೆದರಿದಾಗ ಬಾಯಿಗೆ ಮೊದಲು ಬರುವುದು ಹುಟ್ಟಿದ ಮಾತು, ಅದಕ್ಕೇ ಎಂದು ಅವರ ವಾದ. ಯಾರಾದರೂ ಆ ಮಾತಿಗೆ ಕಾಯದೆ ಲಿವರ್ ಜಗ್ಗಿದರೆ ಸಿಮ್ಯುಲೇಟರನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದರು. ಬೈಯುತ್ತಿರಲಿಲ್ಲ. "ಯಾಕ ಅವಸರ? ಬಾಜೂಕ ಒಬ್ರು ಅದಾರ ಅಂತ ಮರತ್ಯೇನು?" ಎಂದಷ್ಟೇ ಕೇಳುತ್ತಿದ್ದರು.

ನಾವು ಅವರಿಗೆ 'ಹೌದು ಮೇಷ್ಟ್ರು' ಎಂದು ಹೆಸರಿಟ್ಟಿದ್ದೆವು. ಕ್ಯಾಂಟೀನಿನಲ್ಲಿ ನನ್ನ ಜೊತೆಯ ಶಿಷ್ಯನೊಬ್ಬ ತಟ್ಟೆಯಲ್ಲಿ ಉಳಿದ ಬೋಂಡದ ಮೇಲೆ ಬೆರಳಿಟ್ಟು, ಅವರದೇ ಗಂಭೀರ ದನಿಯಲ್ಲಿ "ಬೋಂಡ. ಎಡ" ಅನ್ನುತ್ತಿದ್ದ.

"ಇಲ್ಲ. ಅದು ನಂದು ಕಣೋ, ಕೈ ತೆಗಿ," ಅನ್ನುತ್ತಿದ್ದೆ ನಾನು.

"ಹೌದು ಅನ್ನೋ ತನಕ ಕಾಯ್ತೀನಿ ಮಗಾ, ನಂಗೇನ್ ಅವಸರ ಇಲ್ಲ."

ಒಂದು ಸಲ ಮೇಷ್ಟ್ರು ಹಿಂದೆಯೇ ನಿಂತು ಇದನ್ನೆಲ್ಲ ಕೇಳಿಸಿಕೊಂಡುಬಿಟ್ಟರು. ನಾವು ಎದ್ದು ನಿಂತೆವು. ಅವರು ಬಾಗಿ ಬೋಂಡ ಎತ್ತಿಕೊಂಡು, "ಇಬ್ರೂ ಜಗಳಾಡಿದ್ರ ಕಂಟ್ರೋಲ್ ಮಾಸ್ತರಂದು" ಎಂದು ತಿನ್ನುತ್ತಾ ಹೋದರು.

ಆ ದಿನದ ಬಗ್ಗೆ ಈಗ ಬರೆಯಬೇಕು... ಕಂಡಷ್ಟನ್ನೇ ಬರೆಯುತ್ತೇನೆ.

ಮೋಡವಿಲ್ಲದ ಬೆಳಗು. ನಾನು ಎಡಗಡೆಯ ಸೀಟಿನಲ್ಲಿ, ಮೇಷ್ಟ್ರು ಬಲಗಡೆ, ನಡುವೆ ಲಿವರುಗಳು. ನೆಲದಿಂದ ಸಾಕಷ್ಟು ಎತ್ತರದಲ್ಲಿದ್ದೆವು. ನನಗೆ ಎಡ ಎಂಜಿನ್ ಹೋದಾಗಿನ ಅಭ್ಯಾಸ ಕಚ್ಚಾ ಇತ್ತು. ಹಾಗಾಗಿ ಮೇಷ್ಟ್ರು ಹೊರಟಾಗಿನಿಂದ ಎಡ ಎಂಜಿನ್ನಿನ ಶಕ್ತಿಯನ್ನೇ ಮತ್ತೆ ಮತ್ತೆ ಇಳಿಸಿ, ಅದು ಕೆಟ್ಟಿದೆ ಎಂದುಕೊಳ್ಳುವಂತೆ ಮಾಡಿ ನನ್ನನ್ನು ಪರೀಕ್ಷಿಸುತ್ತಿದ್ದರು. ನಾನು ಬಲಗಾಲು ಒತ್ತುತ್ತಿದ್ದೆ, ಎಡ ಲಿವರಿನ ಮೇಲೆ ಕೈಯಿಟ್ಟು "ಎಡ" ಅನ್ನುತ್ತಿದ್ದೆ, ಅವರು "ಹೌದು" ಅನ್ನುತ್ತಿದ್ದರು. ಅಭ್ಯಾಸವಾದ್ದರಿಂದ ನಿಜವಾಗಿ ಎಳೆಯುತ್ತಿರಲಿಲ್ಲ. ಮತ್ತೆ ಮೊದಲಿನಿಂದ. ಅವರ ಕೈ ಎಡ ಲಿವರುಗಳ ಮೇಲೆ ಹೋಗಿ ಬರುತ್ತಲೇ ಇತ್ತು.

ಕೊನೆಯದಾಗಿ ಒಮ್ಮೆ ಎರಡೂ ಎಂಜಿನ್ನುಗಳನ್ನು ಸಮ ಮಾಡಿ, "ಸಾಕು, ನಡಿ ಮನಿಗೆ" ಎಂದರು. ನಾನು ವಿಮಾನವನ್ನು ತಿರುಗಿಸಿದೆ. ಆಗ ಬಲಗಡೆಯಿಂದ ಒಂದು ಒರಟು ನಡುಕ ಬಂತು. ಆಮೇಲೆ ಮೂಗು ತಾನಾಗಿಯೇ ಬಲಕ್ಕೆ ಎಳೆಯಿತು. ನಾನು ಎಡಗಾಲು ಒತ್ತಿದೆ. ಇದೂ ಅವರ ಪರೀಕ್ಷೆಯೇ ಎಂದುಕೊಂಡು ಅವರ ಕೈಯತ್ತ ನೋಡಿದೆ. ಕೈ ಅವರ ತೊಡೆಯ ಮೇಲಿತ್ತು.

"ನನಗ ಕೊಡು," ಎಂದರು.

"ತಗೊಳಿ ಸಾರ್," ಎಂದು ನಾನು ಕೈಕಾಲು ಬಿಟ್ಟೆ. ಬಿಡುವ ಮುಂಚೆ ನನ್ನ ಬಲಗಾಲು ಖಾಲಿ ಇತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಅವರು ವಿಮಾನವನ್ನು ನೇರ ಮಾಡಿದರು. ಮುಖದಲ್ಲಿ ಏನೂ ಕಾಣಲಿಲ್ಲ. ಎಡಗೈ ಚಾಚಿ ಲಿವರಿನ ಮೇಲೆ ಇಟ್ಟರು.

"ಎಡ," ಎಂದರು.

ಅವರ ಕೈ ಎಡ ಎಂಜಿನ್ನಿನ ಲಿವರಿನ ಮೇಲಿತ್ತು. ಚೆನ್ನಾಗಿದ್ದ ಎಂಜಿನ್ನಿನ ಮೇಲೆ. ಬೆಳಗಿನಿಂದ ಎಡವನ್ನೇ ಕೆಡಿಸಿಕೊಂಡು ಬಂದ ಕೈ, ತಾನಾಗಿಯೇ ಅಲ್ಲಿಗೆ ಹೋಗಿತ್ತು.

ಅಷ್ಟು ವರ್ಷ ಹಾರಿಸಿದವರು ಅವರು. ನಾನು ಕಲಿಯಲು ಬಂದವಳು. ನನ್ನ ಕಾಲೇ ಸುಳ್ಳು ಹೇಳುತ್ತಿರಬಹುದೇ ಎಂದೂ ಅನ್ನಿಸಿತು. ಎಷ್ಟು ಹೊತ್ತು ಸುಮ್ಮನಿದ್ದೆನೋ ಹೇಳಲಾರೆ. ಹೇಳಬಲ್ಲದ್ದು ಇಷ್ಟು: ಆ ಹೊತ್ತೆಲ್ಲ ಅವರು ಕಾಯುತ್ತಿದ್ದರು. ಕೈ ಲಿವರಿನ ಮೇಲೆ ಹಾಗೇ ಇತ್ತು, ಕೂದಲೆಳೆಯಷ್ಟೂ ಅಲುಗಲಿಲ್ಲ. ಬಲ ಎಂಜಿನ್ ಕಿಟಕಿಯ ಆಚೆ ನಡುಗುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಎಳೆದುಬಿಡುತ್ತಿದ್ದರು.

"ಇಲ್ಲ ಸಾರ್," ಎಂದೆ. "ಬಲ."

ಅವರು ನನ್ನತ್ತ ನೋಡಲಿಲ್ಲ. ತಮ್ಮ ಕಾಲಿನತ್ತ ನೋಡಿಕೊಂಡರು. ಕೈ ಎತ್ತಿ ಪಕ್ಕದ ಲಿವರಿನ ಮೇಲೆ ಇಟ್ಟರು.

"ಬಲ," ಎಂದರು. ಮತ್ತೆ ಕಾದರು.

"ಹೌದು."

ಎಳೆದರು. ಪ್ರೊಪೆಲ್ಲರ್ ನಿಧಾನವಾಗಿ, ನಿಧಾನವಾಗಿ ನಿಂತಿತು. ಹಾರುತ್ತಿರುವಾಗ ನಿಂತ ಪ್ರೊಪೆಲ್ಲರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅಲಗುಗಳು ಒಂದೊಂದೂ ಕಾಣುತ್ತಿದ್ದವು, ಅವುಗಳ ತುದಿಯ ಬಣ್ಣದ ಪಟ್ಟಿಯೂ. ನೆಲದ ಮೇಲೆ ದಿನಾ ಹಾಗೆ ನಿಂತದ್ದನ್ನು ನೋಡಿದ್ದೆ. ಅಲ್ಲಿ, ಅಷ್ಟು ಎತ್ತರದಲ್ಲಿ, ನೋಡಲಾಗಲಿಲ್ಲ.

ಒಂದೇ ಎಂಜಿನ್ನಿನಲ್ಲಿ ವಾಪಸು ಬಂದು ಇಳಿದೆವು. ಇಳಿಸಿದ್ದು ಅವರೇ. ಅಷ್ಟು ಮೆತ್ತಗೆ ವಿಮಾನ ನೆಲ ಮುಟ್ಟಿದ್ದನ್ನು ನಾನು ಇನ್ನೂ ಕಂಡಿಲ್ಲ. ಮೆಕ್ಯಾನಿಕ್ಕುಗಳು ಓಡಿ ಬಂದು ಎಂಜಿನ್ನಿನ ಮುಚ್ಚಳ ತೆಗೆದರು. ಎಣ್ಣೆಯೆಲ್ಲ ಸೋರಿಹೋಗಿತ್ತು. ಎಲ್ಲರೂ ಮೇಷ್ಟ್ರ ಕೈ ಕುಲುಕಿದರು. ಅವರು ಎಲ್ಲರಿಗೂ ಕೈ ಕೊಟ್ಟು, ಆಮೇಲೆ ಆ ಕೈಯನ್ನೇ ಸ್ವಲ್ಪ ಹೊತ್ತು ನೋಡಿಕೊಂಡರು.

ವ್ಯಾನಿನಲ್ಲಿ ಹಿಂತಿರುಗುವಾಗ ನನ್ನ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದರು: "ಕೇಳ್ತಾರ ನಿನ್ನ. ಕಂಡದ್ದು ಕಂಡಂಗ ಹೇಳು. ಹೆಚ್ಚೂ ಬ್ಯಾಡ, ಕಮ್ಮೀನೂ ಬ್ಯಾಡ."

ಬೋಂಡದ ಗೆಳೆಯನಿಗೆ ನಾನು ನಡೆದದ್ದನ್ನು ಹೇಳಿದೆ. ಅವನು ತಲೆಯ ಮೇಲೆ ಕೈಯಿಟ್ಟುಕೊಂಡ. "ಸುಮ್ನಿರು ಗುರು. ಏನೂ ಆಗ್ಲಿಲ್ವಲ್ಲ? ಅವ್ರಿಗೆ ಇರೋದೇ ಇದೊಂದು ಕೆಲ್ಸ. ಮನೇಲಿ ಕೂತು ಗೋಡೆ ನೋಡ್ತಾರಾ?"

ಅವನ ಮಾತು ಸುಳ್ಳಾಗಿರಲಿಲ್ಲ. ಆದರೆ ಅಷ್ಟರಲ್ಲಿ ಮೇಷ್ಟ್ರೇ ಕೇಂದ್ರದ ಮುಖ್ಯಸ್ಥರ ಕೋಣೆಗೆ ಹೋಗಿ, ತಮ್ಮ ಕೈ ತಪ್ಪು ಲಿವರಿನ ಮೇಲೆ ಹೋಗಿತ್ತೆಂದು ಹೇಳಿ ಬಂದಿದ್ದರು. ಮರುದಿನ ನನ್ನನ್ನು ಕರೆದದ್ದು ಆ ಮಾತು ಖಚಿತ ಮಾಡಿಕೊಳ್ಳಲು.

ಮುಖ್ಯಸ್ಥರು ಕೆಟ್ಟವರಲ್ಲ. ನನಗೆ ಕಾಫಿ ತರಿಸಿದರು. ಆಮೇಲೆ, "ಅವರ ಕೈ ಮೊದಲು ಯಾವ ಲಿವರ್ ಮೇಲೆ ಹೋಯ್ತಮ್ಮ?" ಎಂದು ಕೇಳಿದರು.

"ಎಡದ ಮೇಲೆ ಸಾರ್."

"ಕೆಟ್ಟಿದ್ದು?"

"ಬಲ."

"ಅಷ್ಟು ಸಾಕಮ್ಮ," ಎಂದರು.

"ಸಾರ್, ಅವರು ಎಳೀಲಿಲ್ಲ. ನಾನು ಹೇಳೋ ತನಕ ಕಾಯ್ತಾ ಇದ್ರು. ನಾನು ತಡ ಮಾಡಿದ್ರೂ ಕಾಯ್ತಾ ಇದ್ರು."

"ಅದು ಎಲ್ಲರೂ ಮಾಡ್ಲೇಬೇಕಾದ್ದಲ್ವಾ? ಕಾಯದೆ ಇದ್ರೆ ನಾವಿಬ್ರೂ ಹಿಂಗೆ ಮಾತಾಡ್ತಾ ಇರ್ತಿರ್ಲಿಲ್ಲ." ಹಾಗೆಂದು ಎದ್ದು ನಿಂತರು. ಕಾಫಿ ಇನ್ನೂ ಅರ್ಧ ಇತ್ತು.

ನಾನು ಎರಡು ಮಾತು ಹೇಳಿದ್ದೆ. ಅವರಿಗೆ ಬೇಕಾಗಿದ್ದದ್ದು ಮೊದಲನೆಯದು. ಎರಡನೆಯದು ಯಾರ ಲೆಕ್ಕಕ್ಕೂ ಬರಲಿಲ್ಲ. ಕಲಿಸುವವರ ಕೈ ತಪ್ಪಬಾರದು ಎನ್ನುವುದೂ ಸರಿಯೇ. ಆದರೆ ತಪ್ಪಿದ ಕೈಯನ್ನು ತಡೆದು ನಿಲ್ಲಿಸಿದ್ದೂ ಅವರೇ ಕಲಿಸಿದ ಪದ್ಧತಿ. ಅದನ್ನು ಅವರಷ್ಟು ನಂಬಿದವರು ಇನ್ನೊಬ್ಬರಿರಲಿಲ್ಲ.

ಮೇಷ್ಟ್ರು ಆಮೇಲೆ ವಿಮಾನ ಹತ್ತಲಿಲ್ಲ. ಕೆಲವು ತಿಂಗಳು ಪೀಣ್ಯದ ಶೆಡ್ಡಿನಲ್ಲಿ ಸಿಮ್ಯುಲೇಟರಿನ ಪಾಠವನ್ನಷ್ಟೇ ಮಾಡಿದರು. ಮೊದಲಿನ ಹಾಗೇ ನಿಲ್ಲಿಸುತ್ತಿದ್ದರು, ಮೊದಲಿನ ಹಾಗೇ ಕೇಳುತ್ತಿದ್ದರು. ಆದರೆ ಒಳಗೆ ಶಿಷ್ಯರಿಬ್ಬರು ಕೂರುತ್ತಿದ್ದರು, ಮೇಷ್ಟ್ರು ಹಿಂದೆ ಸ್ಟೂಲಿನ ಮೇಲೆ. 'ಎಡ' ಅನ್ನುವವನೂ ಶಿಷ್ಯ, 'ಹೌದು' ಅನ್ನುವವನೂ ಶಿಷ್ಯ. ಒಂದು ದಿನ ಅವರು ಬರಲಿಲ್ಲ. ಕೆಲಸ ಬಿಟ್ಟರಂತೆ ಎಂದು ಯಾರೋ ಹೇಳಿದರು.

ನನಗೆ ಲೈಸೆನ್ಸು ಸಿಕ್ಕಿತು, ಬೇರೆ ಊರಿನಲ್ಲಿ ಕೆಲಸವೂ ಸಿಕ್ಕಿತು. ರಜೆಗೆ ಬಂದಾಗ ಒಮ್ಮೆ ಬ್ರೂಕ್‌ಫೀಲ್ಡಿಗೆ ಹೋದೆ. ಗೇಟಿನ ಸೆಕ್ಯುರಿಟಿಯವನಿಗೆ ಪೈಲಟ್ ಸಾರ್ ಎಂದರೆ ತಿಳಿಯಲಿಲ್ಲ. "ಓ, ಬಸ್ಸಲ್ಲಿ ಓಡಾಡೋ ಅಂಕಲ್ಲಾ?" ಎಂದ. ಮನೆ ಚೊಕ್ಕಟವಾಗಿತ್ತು. ಬಾಲ್ಕನಿಯ ಎದುರಿಗೆ ಐಟಿ ಕಂಪನಿಯ ಗಾಜಿನ ಗೋಡೆ, ಅದರಲ್ಲಿ ಈ ಕಟ್ಟಡದ ಬಾಲ್ಕನಿಗಳೇ ಕಾಣುತ್ತಿದ್ದವು. ಎರಡು ಕುರ್ಚಿಗಳಿದ್ದವು. ಒಂದರ ಮೇಲೆ ಪೇಪರುಗಳ ರಾಶಿ. ನನಗಾಗಿ ಅದನ್ನು ಕೆಳಗಿಳಿಸಿದರು.

ಚಹಾ ಮಾಡಲು ಒಳಗೆ ಹೋದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಚಹಾ ಉಕ್ಕಿದ ಮೇಲೆ ಅವರು ಒಲೆಯ ತಿರುಗಣೆಯ ಮೇಲೆ ಕೈಯಿಟ್ಟು, "ಗ್ಯಾಸ್" ಎಂದರು. ಎಂದು, ಹಾಗೇ ನಿಂತರು. ನನಗೆಂದು ಮಾಡಿದ್ದಲ್ಲ, ನಾನು ಅಲ್ಲಿ ನಿಂತಿದ್ದೇನೆ ಎಂದೂ ಅವರಿಗೆ ತಿಳಿದಿರಲಿಲ್ಲ. ದಿನಾ ಹಾಗೆಯೇ ನಿಲ್ಲುತ್ತಿದ್ದರೆಂದು ಕಾಣುತ್ತದೆ. ದಿನಾ ಎಷ್ಟು ಹೊತ್ತು ನಿಂತು, ಆಮೇಲೆ ತಾವೇ ತಿರುಗಿಸುತ್ತಿದ್ದರೋ...

"ಹೌದು ಸಾರ್," ಎಂದೆ.

ತಿರುಗಿ ನೋಡಿದರು. ಆಮೇಲೆ ಗ್ಯಾಸು ಆರಿಸಿದರು.

"ಬಾಳ ದಿನ ಆಗಿತ್ತು ನೋಡು," ಎಂದರು, "ಇನ್ನೊಬ್ರ ಬಾಯಾಗ ಕೇಳಿ."

ಚಹಾ ಕುಡಿಯುವಾಗ ನಾನು ಮುಖ್ಯಸ್ಥರ ಕೋಣೆಯ ಮಾತು ತೆಗೆದೆ. ಎರಡನೆಯ ಮಾತನ್ನೂ ಹೇಳಿದ್ದೆ, ಮುಖ್ಯಸ್ಥರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಎಂದೆ. ಮೇಷ್ಟ್ರು ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟರು.

"ಹೇಳಿದ್ಯಾ?" ಎಂದರು.

"ಹೇಳ್ದೆ ಸಾರ್."

"ನಾ ಕಾಯ್ದೆ ಅಂತ?"

"ಹೌದು ಸಾರ್. ನಾನು ತಡ ಮಾಡ್ದೆ. ಆದ್ರೂ ಕಾದ್ರಿ."

ಆ ಮಾತು ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಾನು ಅದನ್ನು ಹೇಳಿದ್ದೆನೆಂದೂ ಗೊತ್ತಿರಲಿಲ್ಲ, ನಾನು ಅದನ್ನು ಗಮನಿಸಿದ್ದೆನೆಂದೂ ಗೊತ್ತಿರಲಿಲ್ಲ. ಅಷ್ಟೂ ದಿನ ಅವರ ಬಳಿ ಉಳಿದಿದ್ದದ್ದು ಎಡ ಲಿವರಿನ ಮೇಲೆ ಹೋದ ಕೈಯೊಂದೇ.

"ಇನ್ನೊಂದು ಕಪ್ ಚಾ ಹಾಕ್ಲಿ?" ಎಂದು ಕೇಳಿದರು. ಹಾಕಿ ಎಂದೆ.

ಅದೇ ಕೊನೆಯ ಭೇಟಿ. ಅವರು ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂದಾಗ ನಾನು ಹಾರಾಟದಲ್ಲಿದ್ದೆ. ಇಳಿದು ಫೋನು ತೆರೆಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ಊರಿನಿಂದ ಯಾರೋ ಸಂಬಂಧಿಕರು ಬಂದು ದೇಹವನ್ನು ಒಯ್ದರಂತೆ. ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ.

ಲೇತ್ ಅಂಗಡಿಯಲ್ಲಿ ನನ್ನ ಬುಶ್ಶು ಇನ್ನೂ ಆಗಿರಲಿಲ್ಲ. ನಾಲ್ಕು ಹೆಜ್ಜೆ ನಡೆದು ನಮ್ಮ ಶೆಡ್ಡಿನ ಮುಂದೆ ನಿಂತೆ. ಈಗ ಅದು ಪಾರ್ಸೆಲ್ಲುಗಳ ಗೋದಾಮು. ಪಕ್ಕದ ಪ್ರೆಸ್ಸಿನ ಏಟು ಮಾತ್ರ ಹಾಗೇ ಇದೆ. ಸೀಮೆಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ಆ ಕೆಲಸಗಾರ ಹಿಂದೆಯೇ ಬಂದ.

"ಯಾರು ಬೇಕಾಗಿತ್ರಿ ಮೇಡಂ?"

ಬಾಯಿ ತೆರೆದ ಕೂಡಲೇ ತಿಳಿಯಿತು, ಅವನೂ ಮೇಷ್ಟ್ರ ಊರಿನ ಕಡೆಯವನೇ. ಯಾರೂ ಇಲ್ಲ, ಸುಮ್ಮನೆ ನೋಡುತ್ತಿದ್ದೆ ಎಂದೆ. ಅವನೂ ನನ್ನ ಪಕ್ಕ ನಿಂತು ಶೆಡ್ಡನ್ನು ನೋಡಿದ.

"ಹಿಂದಕ್ಕ ಇದರಾಗ ವಿಮಾನ ಇಟ್ಟಿದ್ರಂತ್ರಿ. ನಮ್ಮ ಮಾಲಕ್ರು ಹೇಳ್ತಿರ್ತಾರ. ಇಷ್ಟು ಸಣ್ಣ ಬಾಗಲದಾಗ ವಿಮಾನ ಹೆಂಗ ಹೊಕ್ಕೀತ್ರಿ? ಸುಳ್ಳ ಹೇಳ್ತಾರ ಅಂತ ನಾ ನಂಬಿಲ್ಲ. ಖರೇನೇನ್ರಿ?"

ಕೇಳಿ, ಕಾಯುತ್ತಾ ನಿಂತ. ಪ್ರೆಸ್ಸು ಒಂದು ಏಟು ಹೊಡೆಯಿತು, ಇನ್ನೊಂದು ಹೊಡೆಯಿತು.

"ಹೌದು," ಎಂದೆ. "ಮೂಗು ಮಾತ್ರ ಇತ್ತು. ಒಳಗೆ ಒಬ್ರು ಮೇಷ್ಟ್ರಿದ್ರು."

"ಈಗ ಎಲ್ಲ್ಯದಾರ್ರಿ ಅವ್ರು?"

"ಇಲ್ಲ," ಎಂದೆ.

ಅವನು ತಲೆಯಾಡಿಸಿದ. ಮತ್ತೇನೂ ಕೇಳದೆ ತನ್ನ ತಟ್ಟೆಯ ಹತ್ತಿರ ಹೋಗಿ ಕೂತ. ಬುಶ್ಶನ್ನು ಅವನೇ ಸೀಮೆಎಣ್ಣೆಯಲ್ಲಿ ತೊಳೆದು, ಕಾಗದದಲ್ಲಿ ಸುತ್ತಿ ಕೊಟ್ಟ. ಮೆಟ್ರೋದಲ್ಲಿ ಮನೆಗೆ ಬರುವವರೆಗೂ ನನ್ನ ಕೈಯಿಂದ ಅದೇ ವಾಸನೆ ಬರುತ್ತಿತ್ತು. ತೊಳೆದುಕೊಳ್ಳಲು ರಾತ್ರಿಯವರೆಗೂ ಮನಸ್ಸಾಗಲಿಲ್ಲ.